ಅಪ್ಪನ ಕಣಜ, ಮಗಳ ಶಾಲೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಆಹ್ವಾನ ಪತ್ರಿಕೆಯಲ್ಲಿ ‘1807ರಲ್ಲಿ ಸ್ಥಾಪನೆಯಾದ ಕ್ಲೂನಿಯ ಸಂತ ಜೋಸೆಫರ ಭಗಿನಿಯರ ಸಭೆ’ ಎಂದು ಅಚ್ಚಾಗಿದೆ. ಸಭೆ ಎಂದರೆ ಇಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘ. ಇಸವಿ ಸರಿಯಾಗಿಯೇ ಇದೆ. ಆ ವರ್ಷದ ಮೇ 12ರಂದು ಫ್ರಾನ್ಸಿನ ಬರ್ಗಂಡಿ ಸೀಮೆಯ ಶಾಲೋಂ ಪಟ್ಟಣದಲ್ಲಿ, ಸಂತ ಪೇತ್ರರ ದೇವಾಲಯದೊಳಗೆ ಒಂಬತ್ತು ಜನ ಹೆಣ್ಣುಮಕ್ಕಳು ನೀಲಿ ಉಡುಪು ತೊಟ್ಟು ಭಗಿನಿಯರಾದರು. ನಮ್ಮ ಮಲ್ಲೇಶ್ವರದ ಕ್ಲೂನಿ ಕಾನ್ವೆಂಟ್ ಇರಲಿ, ಪುದುಚೇರಿಯ ಕ್ಲೂನಿ ಕಸೂತಿ ಕೇಂದ್ರ ಇರಲಿ, ಎಲ್ಲದರ ಬೇರು ಆ ಒಂಬತ್ತು ಜನರಲ್ಲಿದೆ.

ಆದರೆ ನಾನು ಇವತ್ತು ಮಾತಾಡಬೇಕೆಂದು ಬಂದಿರುವುದು ಹೆಚ್ಚಾಗಿ ಅದಕ್ಕೂ ಹಿಂದಿನ ಹತ್ತು ವರ್ಷಗಳ ಬಗ್ಗೆ. ಯಾಕೆಂದರೆ ಆ ಒಂಬತ್ತರಲ್ಲಿ ನಾಲ್ವರು ಒಂದೇ ತಾಯಿಯ ಮಕ್ಕಳು. ಒಂದೇ ಒಕ್ಕಲು ಮನೆಯ ಅಕ್ಕ-ತಂಗಿಯರು, ಸಭೆಯ ಸ್ಥಾಪಕಿ ಆನ್-ಮರಿ ಜಾವುಯೆ ಮತ್ತು ಅವರ ಮೂವರು ತಂಗಿಯರು. ಒಂದು ಮನೆಯಿಂದ ನಾಲ್ಕು ಹೆಣ್ಣುಮಕ್ಕಳು ಹೀಗೆ ಹೊರಟುಹೋದರೆ ಆ ಮನೆಯ ಅಪ್ಪ ಏನಂದ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟುಕೊಂಡಿದೆ. ಸಂಸ್ಥೆಗಳ ಚರಿತ್ರೆಯಲ್ಲಿ ಸ್ಥಾಪಕಿಯ ಹೆಸರು ಬರುತ್ತದೆ, ಬಿಷಪ್ಪರ ಹೆಸರು ಬರುತ್ತದೆ, ರಾಜನ ಅಪ್ಪಣೆಯೂ ಬರುತ್ತದೆ. ಮೊದಲ ಹತ್ತು ವರ್ಷ ಹಿಟ್ಟು ಯಾರ ಮನೆಯಿಂದ ಬಂತು ಎಂಬುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನು ಆ ಸಾಲನ್ನು ಸ್ವಲ್ಪ ಹಿಗ್ಗಿಸಿ ನೋಡುತ್ತೇನೆ.

ಸೋನ್ ನದಿಯ ಬಯಲು. ಅಲ್ಲಿ ಸ್ಯೋರ್ ಎಂಬ ಸಣ್ಣ ಪಟ್ಟಣ. ಅದರ ಸುತ್ತ ಗೋಧಿ ಬೆಳೆಯುವ ಹಳ್ಳಿಗಳು. ಆ ಹಳ್ಳಿಗಳಲ್ಲಿ ಜಲಾಂಜ್ ಒಂದು, ಶಾಂಬ್ಲಾಂ ಇನ್ನೊಂದು. 1779ರ ನವೆಂಬರ್ 10ರಂದು ಜಲಾಂಜಿನಲ್ಲಿ ಬಲ್ತಜಾರ್ ಜಾವುಯೆ ಮತ್ತು ಕ್ಲೋದಿನ್ ಪರಿಜೊ ದಂಪತಿಗೆ ಐದನೆಯ ಮಗು ಹುಟ್ಟಿತು. ಮಾರನೆಯ ದಿನ ಜ್ಞಾನಸ್ನಾನ ಕೊಟ್ಟು ಆನ್ ಎಂದು ಹೆಸರಿಟ್ಟರು. ಮನೆಯಲ್ಲಿ ಕರೆಯುತ್ತಿದ್ದುದು ನನೆತ್ ಎಂದು. ಆಮೇಲೆ ಸಂಸಾರ ಶಾಂಬ್ಲಾಂಗೆ ಬಂತು. ಒಟ್ಟು ಹತ್ತು ಮಕ್ಕಳು. ಬಲ್ತಜಾರ್ ಜಮೀನುಳ್ಳ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ, ಊರಿನಲ್ಲಿ ಮಾತು ನಡೆಯುತ್ತಿದ್ದ ರೈತ. ನಮ್ಮ ಕಡೆ ‘ಕುಳವಾಡಿ’ ಅನ್ನುತ್ತೇವಲ್ಲ, ಹಾಗೆ. ನನೆತ್ ಚುರುಕು ಹುಡುಗಿ, ಅಪ್ಪನ ಮುದ್ದಿನ ಮಗಳು.

ಅವಳಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಫ್ರಾನ್ಸಿನಲ್ಲಿ ಕ್ರಾಂತಿ ಶುರುವಾಯಿತು. ಪ್ಯಾರಿಸಿನ ಕಥೆ ನಿಮಗೆಲ್ಲ ಗೊತ್ತು. ಹಳ್ಳಿಯಲ್ಲಿ ಅದು ಬಂದಿಳಿದ ರೀತಿ ಬೇರೆ. 1790ರ ಫೆಬ್ರವರಿಯಲ್ಲಿ ಸನ್ಯಾಸ ವ್ರತಗಳಿಗೆ ಕಾನೂನಿನ ಮಾನ್ಯತೆ ಹೋಯಿತು. ಅದೇ ವರ್ಷ ಜುಲೈನಲ್ಲಿ ಗುರುಗಳನ್ನು, ಅಂದರೆ ಚರ್ಚಿನ ಪಾದ್ರಿಗಳನ್ನು, ಸರ್ಕಾರಿ ನೌಕರರನ್ನಾಗಿ ಮಾಡುವ ಶಾಸನ ಬಂತು. ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಿದವರು ಒಂದು ಕಡೆ, ಒಲ್ಲೆನೆಂದವರು ಇನ್ನೊಂದು ಕಡೆ. 1792ರ ಆಗಸ್ಟ್ 18ರಂದು ಪಾಠ ಹೇಳುವ, ರೋಗಿಗಳ ಆರೈಕೆ ಮಾಡುವ ಭಗಿನಿಯರ ಸಭೆಗಳನ್ನೂ ರದ್ದು ಮಾಡಿದರು. ಎಂಟು ದಿನ ಕಳೆಯುವುದರೊಳಗೆ ಇನ್ನೊಂದು ಕಾನೂನು ಬಂತು: ಪ್ರಮಾಣ ಮಾಡದ ಗುರುಗಳು ಹದಿನೈದು ದಿನದಲ್ಲಿ ದೇಶ ಬಿಡಬೇಕು, ಬಿಡದಿದ್ದರೆ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಕ್ಕೆ ಗಡಿಪಾರು. ಗಯಾನಾ ಎಂಬ ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಕಾನೂನಿನ ಭಾಷೆ ಬಿಟ್ಟು ಊರಿನ ಭಾಷೆಯಲ್ಲಿ ಹೇಳುವುದಾದರೆ, ಗಂಟೆ ನಿಂತಿತು. ಮಗುವಿಗೆ ಜ್ಞಾನಸ್ನಾನ ಯಾರು ಕೊಡಬೇಕು, ಸಾಯುವವರ ಪಕ್ಕ ಯಾರು ಕೂರಬೇಕು, ಗೊತ್ತಿಲ್ಲ. ಅದರ ಜೊತೆಗೇ ಇನ್ನೊಂದು ನಿಂತಿತು, ಅದನ್ನು ಬಹಳ ಜನ ಗಮನಿಸುವುದಿಲ್ಲ. ಹೆಣ್ಣುಮಕ್ಕಳಿಗೆ ನಾಲ್ಕಕ್ಷರ ಕಲಿಸುತ್ತಿದ್ದವರು ಹೆಚ್ಚಾಗಿ ಈ ಭಗಿನಿಯರೇ. ಅವರು ಹೋದ ಮೇಲೆ ಆ ಜಾಗ ಖಾಲಿ. ಮೊದಲೇನು ಬಹಳ ಇತ್ತು ಎಂದಲ್ಲ. ಮದುವೆಯ ದಫ್ತರದಲ್ಲಿ ಸ್ವಂತ ಕೈಯಿಂದ ರುಜು ಹಾಕಿದವರನ್ನು ಎಣಿಸಿ ಮಾಡಿದ ಒಂದು ದೊಡ್ಡ ಲೆಕ್ಕ ಇದೆ. 1786ರಿಂದ 1790ರ ಅವಧಿಯಲ್ಲಿ ಇಡೀ ಫ್ರಾನ್ಸಿನ ಗಂಡಸರಲ್ಲಿ ನೂರಕ್ಕೆ 47 ಜನ ರುಜು ಹಾಕಿದ್ದಾರೆ, ಹೆಂಗಸರಲ್ಲಿ 27. ಮಿಕ್ಕವರು ಬರೀ ಗುರುತು ಹಾಕಿದವರು. ಇದು ಕ್ರಾಂತಿಗೆ ಮುಂಚಿನ ಸ್ಥಿತಿ.

ಶಾಂಬ್ಲಾಂನಲ್ಲಿ ಪ್ರಮಾಣ ಮಾಡದ ಗುರುಗಳು ಕದ್ದುಮುಚ್ಚಿ ಬರುತ್ತಿದ್ದರು. ಜಾವುಯೆ ಮನೆ ಅವರಿಗೆ ಬಾಗಿಲು ತೆರೆಯಿತು. ಹದಿಹರೆಯದ ನನೆತ್ ಅವರನ್ನು ದಾರಿ ತೋರಿಸಿ ಕರೆತರುವುದು, ಪೂಜೆ ನಡೆಯುವಾಗ ಹೊರಗೆ ಕಾವಲು ನಿಲ್ಲುವುದು, ಅಕ್ಕಪಕ್ಕದ ಮನೆಗಳಿಗೆ ಸುದ್ದಿ ಮುಟ್ಟಿಸುವುದು, ಇವೆಲ್ಲ ಮಾಡುತ್ತಿದ್ದಳು. ಹಾಗೆ ಮಾಡುತ್ತಲೇ ಊರಿನ ಮಕ್ಕಳನ್ನು ಕೂಡಿಸಿ ಜಪ, ಧರ್ಮೋಪದೇಶ ಹೇಳಿಕೊಡಲು ಶುರುಮಾಡಿದಳು. ಜಾಗ ಯಾವುದು? ಹುಲ್ಲು ಒಟ್ಟುವ ಕೊಟ್ಟಿಗೆ, ಕಣ, ಹೊಲದ ಅಂಚು. ದನ ಕಾಯುವ ಮಕ್ಕಳು ದನದ ಜೊತೆ ಇರಬೇಕಲ್ಲ, ಆದ್ದರಿಂದ ಪಾಠವೇ ದನದ ಹತ್ತಿರ ಹೋಯಿತು. ಬಲ್ತಜಾರ್‌ಗೆ ಇದು ಸರಿಬರಲಿಲ್ಲ. ದುಡಿಯುವ ಕೈ ಹೊಲಬಿಟ್ಟು ಬೀದಿಯ ಮಕ್ಕಳ ಹಿಂದೆ ಹೋಗುತ್ತಿದೆ. ಅಪಾಯವೂ ಇದೆ. ಅವನ ಕೋಪವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಹತ್ತು ಮಕ್ಕಳ ಅಪ್ಪ, ಕಾಲ ಕೆಟ್ಟಿದೆ, ಬೇರೆ ಏನು ಹೇಳಿಯಾನು?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1798ರ ನವೆಂಬರ್ 11. ಸರ್ಕಾರದ ಹೊಸ ಪಂಚಾಂಗದಲ್ಲಿ ಅದು ಏಳನೆಯ ವರ್ಷದ ಬ್ರುಮೇರ್ ಮಾಸದ 21ನೆಯ ದಿನ, ಬರೀ ಒಂದು ಕೆಲಸದ ದಿನ. ಹಳೆಯ ಪಂಚಾಂಗದಲ್ಲಿ ಭಾನುವಾರ, ಜೊತೆಗೆ ಸಂತ ಮಾರ್ಟಿನರ ಹಬ್ಬ. ಫ್ರಾನ್ಸಿನ ರೈತನಿಗೆ ಸಂತ ಮಾರ್ಟಿನರ ದಿನವೆಂದರೆ ಬೇಸಾಯದ ವರ್ಷ ಮುಗಿಯುವ ದಿನ. ಗೇಣಿ ಚುಕ್ತಾ ಮಾಡುವುದು, ಆಳುಗಳ ಲೆಕ್ಕ ತೀರಿಸಿ ಹೊಸಬರನ್ನು ಗೊತ್ತುಮಾಡುವುದು, ಎಲ್ಲ ಆ ದಿನವೇ. ಹಿಂದಿನ ದಿನ ನನೆತ್‌ಗೆ ಹತ್ತೊಂಬತ್ತು ತುಂಬಿದೆ. ಅವಳ ಜ್ಞಾನಸ್ನಾನವಾದದ್ದೂ ಇದೇ ದಿನ. ಆ ರಾತ್ರಿ ಮನೆಯಲ್ಲಿ ಗುಟ್ಟಾಗಿ ಬಲಿಪೂಜೆ, ಅಂದರೆ ಚರ್ಚಿನಲ್ಲಿ ‘ಮಾಸ್’ ಎನ್ನುವ ಆರಾಧನೆ. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಅಧಿಕಾರ ಕೈಬದಲಾದ ಮೇಲೆ ಗುರುಗಳ ಬೇಟೆ ಮತ್ತೆ ಬಿಗಿಯಾಗಿತ್ತು, ಹಡಗು ಹತ್ತಿಸಿ ಗಯಾನಾಕ್ಕೆ ನಿಜವಾಗಿಯೂ ಸಾಗಿಸುತ್ತಿದ್ದರು. ಹಾಗಾಗಿ ಕಿಟಕಿ ಮುಚ್ಚಿದೆ, ಒಂದೆರಡು ಮೇಣದ ದೀಪ, ಅಡಿಗೆಮನೆಯ ಮೇಜೇ ಪೀಠ ಎಂದು ನಾನು ಊಹಿಸಿಕೊಳ್ಳುತ್ತೇನೆ. ಊಹೆಯಲ್ಲದ್ದು ಇಷ್ಟು: ಮನೆಯವರ ಎದುರಿನಲ್ಲೇ ನನೆತ್ ತನ್ನ ಬದುಕನ್ನು ದೇವರಿಗೆ, ಮಕ್ಕಳ ಕಲಿಕೆಗೆ, ಬಡವರ ಸೇವೆಗೆ ಕೊಟ್ಟೆನೆಂದು ಪ್ರತಿಜ್ಞೆ ಮಾಡಿದಳು.

ವರ್ಷದ ಲೆಕ್ಕವೆಲ್ಲ ಚುಕ್ತಾ ಆಗುವ ದಿನ ಅಪ್ಪನ ಲೆಕ್ಕದಿಂದ ಒಬ್ಬ ಮಗಳು ಹೊರಗೆ ಹೋದಳು. ನನ್ನ ಮಟ್ಟಿಗೆ ಸಭೆ ಹುಟ್ಟಿದ್ದು ಆ ರಾತ್ರಿ. ಕಾಗದ ಬರಲು ಇನ್ನೂ ಎಂಟು ವರ್ಷವಿತ್ತು.

ಆ ಎಂಟು ವರ್ಷ ಸೋಲಿನ ಮೇಲೆ ಸೋಲು. ಧಾರ್ಮಿಕ ಚರಿತ್ರೆಗಳನ್ನು ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ನನಗೆ ಅದು ಇಷ್ಟವಿಲ್ಲ. 1800ರಲ್ಲಿ ನನೆತ್ ಬೆಸಾಂಸೋಂ ಪಟ್ಟಣಕ್ಕೆ ಹೋಗಿ ಜಾನ್-ಆಂತಿದ್ ತೂರೆ ಎಂಬಾಕೆ ಹಿಂದಿನ ವರ್ಷವಷ್ಟೇ ಶುರುಮಾಡಿದ್ದ ಭಗಿನಿಯರ ಗುಂಪು ಸೇರಿದಳು. ಅಲ್ಲಿ ಮನಸ್ಸು ನೆಲೆಗೊಳ್ಳಲಿಲ್ಲ. ಒಂದು ದಿನ ಬೆಳಗ್ಗೆ ಎಚ್ಚರಾದಾಗ ಹಾಸಿಗೆಯ ಸುತ್ತ ಬೇರೆ ಬೇರೆ ಮೈಬಣ್ಣದ ಮಕ್ಕಳು, ಕಪ್ಪು ಮಕ್ಕಳು ನಿಂತಿದ್ದ ಹಾಗೆ ಕಂಡಿತು, ‘ಇವರು ದೇವರು ನಿನಗೆ ಕೊಡುವ ಮಕ್ಕಳು’ ಎಂಬ ಮಾತು ಕೇಳಿಸಿತು ಎಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಬರ್ಗಂಡಿಯ ಹಳ್ಳಿಯ ಹುಡುಗಿ ಅಲ್ಲಿಯವರೆಗೆ ಒಬ್ಬ ಕಪ್ಪು ಮನುಷ್ಯನನ್ನೂ ಕಂಡಿರಲಿಲ್ಲ. ಈ ದರ್ಶನವನ್ನು ನೀವು ಹೇಗೆ ಬೇಕಾದರೂ ತೆಗೆದುಕೊಳ್ಳಿ. ಆಕೆ ಮಾತ್ರ ಅದನ್ನು ಸಾಯುವವರೆಗೆ ನಂಬಿ ನಡೆದಳು, ಅಷ್ಟು ನನಗೆ ಸಾಕು.

ವ್ರತಕ್ಕೆ ಮುಂಚೆಯೇ ಅಲ್ಲಿಂದ ಹೊರಟು ಊರ ಕಡೆ ಬಂದಳು. ಸ್ಯೋರ್‌ನಲ್ಲಿ ಒಂದು ಸಣ್ಣ ಶಾಲೆ ತೆರೆದಳು. ಆಮೇಲೆ ಸ್ವಿಟ್ಜರ್ಲೆಂಡಿಗೆ ಹೋಗಿ ವಾಲ್‌ಸಾಂತ್ ಮಠದ ಮುಖ್ಯಸ್ಥ ಓಗುಸ್ತಾಂ ಲೆಸ್ತ್ರಾಂಜ್ ಅವರ ಬಳಿ ಇದ್ದಳು. ಕಠಿಣ ಮೌನವ್ರತದ ಟ್ರಾಪಿಸ್ಟ್ ಮಠ ಅದು. ನಿನ್ನ ದಾರಿ ಮೌನದ ದಾರಿಯಲ್ಲ, ಹೊರಗೆ ಹೋಗಿ ಹೊಸದನ್ನು ಕಟ್ಟು ಎಂದು ಅವರೇ ಕಳಿಸಿದರು. ಜುರಾ ಸೀಮೆಯ ಸುವಾಂ, ಶ್ವಾಜೆ ಹಳ್ಳಿಗಳಲ್ಲಿ ಶಾಲೆ ಶುರುವಾದವು. ಮಕ್ಕಳು ಬಂದರು. ಮಕ್ಕಳ ಅಪ್ಪಂದಿರ ಹತ್ತಿರ ಕೊಡಲು ಏನೂ ಇರಲಿಲ್ಲ. ಬಾಡಿಗೆ ಬಾಕಿ, ಸೌದೆಗೆ ಸಾಲ, ರೊಟ್ಟಿಗೆ ಸಾಲ. ಶಾಲೆ ತೆರೆಯುವುದು, ಸಾಲದಲ್ಲಿ ಮುಳುಗುವುದು, ಮುಚ್ಚಿ ಮುಂದಿನ ಊರಿಗೆ ಹೋಗುವುದು.

ಪ್ರತಿ ಸಲವೂ ಕಾಗದ ಬರೆಯುತ್ತಿದ್ದುದು ಅಪ್ಪನಿಗೆ. ಪ್ರೀತಿ, ಕ್ಷಮೆ, ಹಟ, ಬೇಡಿಕೆ ಎಲ್ಲ ಸೇರಿದ ಕಾಗದಗಳು. ಬಲ್ತಜಾರ್ ಬೈದ. ಮನೆಗೆ ಬಾ ಎಂದ. ಕೊನೆಗೆ ಕೊಟ್ಟ. ಒಂದು ಸಲವಲ್ಲ, ವರ್ಷಗಟ್ಟಲೆ. ದವಸ ಕೊಟ್ಟ, ದುಡ್ಡು ಕೊಟ್ಟ, ಸಾಲ ತೀರಿಸಿದ. ಅಷ್ಟೇ ಆಗಿದ್ದರೆ ಒಬ್ಬ ಉದಾರಿ ಅಪ್ಪನ ಕಥೆಯಾಗುತ್ತಿತ್ತು. ಆದರೆ ಅಕ್ಕನ ಹಿಂದೆ ತಂಗಿಯರೂ ಹೊರಟರು. ಪಿಯರೆತ್ ಹೊರಟಳು, ಮರಿ-ಫ್ರಾಂಸ್ವಾಜ್ ಹೊರಟಳು, ಕೊನೆಗೆ ಅಮ್ಮನ ಹೆಸರೇ ಇಟ್ಟುಕೊಂಡ ಕಿರಿಯ ಕ್ಲೋದಿನ್ ಕೂಡ. ಮುಂದೆ ತಮ್ಮ ಪಿಯೇರ್ ಸಹ ಅಕ್ಕಂದಿರ ಕೆಲಸಕ್ಕೆ ಹೆಗಲು ಕೊಟ್ಟ. ಒಬ್ಬ ರೈತನ ಪಾಲಿಗೆ ಮಕ್ಕಳೇ ಆಸ್ತಿ, ಮಕ್ಕಳೇ ದುಡಿಮೆ, ಮಕ್ಕಳೇ ಮುಪ್ಪಿನ ಊರುಗೋಲು. ಅವನು ಒಪ್ಪಿಕೊಟ್ಟ ಎಂದು ಹೇಳುವುದಕ್ಕಿಂತ, ತಡೆಯುತ್ತಲೇ ಕೊಟ್ಟ ಎಂದರೆ ಸರಿ. ಮನಸ್ಸೊಪ್ಪಿ ಕೊಡುವುದು ದೊಡ್ಡದೇ. ಒಪ್ಪದ ಮನಸ್ಸಿನಿಂದ, ಮಗಳ ಮೇಲಿನ ಮಮತೆಗಾಗಿ, ಮತ್ತೆ ಮತ್ತೆ ಕೊಡುವುದು ಇನ್ನೂ ಕಷ್ಟ ಎಂದು ನನಗನ್ನಿಸುತ್ತದೆ.

ಮುಂದಿನದನ್ನು ಸ್ವಲ್ಪ ಬೇಗ ಹೇಳುತ್ತೇನೆ. 1805ರ ಏಪ್ರಿಲ್‌ನಲ್ಲಿ ನೆಪೋಲಿಯನ್ನನ ಪಟ್ಟಾಭಿಷೇಕ ಮುಗಿಸಿ ರೋಮಿಗೆ ಹಿಂತಿರುಗುತ್ತಿದ್ದ ಏಳನೆಯ ಪಯಸ್ ಪೋಪ್ ಈಸ್ಟರ್ ಹಬ್ಬಕ್ಕೆ ಶಾಲೋಂನಲ್ಲಿ ತಂಗಿದರು. ನಾಲ್ವರು ಅಕ್ಕ-ತಂಗಿಯರು ಅವರನ್ನು ಕಂಡು ಆಶೀರ್ವಾದ ಪಡೆದರು. ಶಾಲೋಂ ನಗರಸಭೆ ಇವರ ಶಾಲೆಯನ್ನು ಮೆಚ್ಚಿ ಹಳೆಯ ಗುರುಮಠದ ಕಟ್ಟಡದಲ್ಲಿ ಜಾಗ ಕೊಟ್ಟಿತು. ಆದರೆ ಆಶೀರ್ವಾದವೂ ಜಾಗವೂ ಇದ್ದರೆ ಸಾಲದು. 1804ರ ಜೂನ್ 22ರ ಆಜ್ಞೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಯಾವ ಧಾರ್ಮಿಕ ಸಭೆಯೂ ಇರುವಂತಿಲ್ಲ. ನಿಯಮಾವಳಿ ಬರೆದು ಸಲ್ಲಿಸಬೇಕು, ಚಕ್ರವರ್ತಿಯೇ ರುಜು ಹಾಕಬೇಕು. ಆ ರುಜು ಬಿದ್ದದ್ದು 1806ರ ಡಿಸೆಂಬರ್ 12ರಂದು. ಆಗ ನೆಪೋಲಿಯನ್ ಇದ್ದದ್ದು ಪೋಲೆಂಡಿನ ಪೋಜೆನ್‌ನಲ್ಲಿ, ರಷ್ಯದ ಮೇಲಿನ ಯುದ್ಧದ ನಡುವೆ. ದಂಡಿನ ಕಾಗದಪತ್ರಗಳ ಜೊತೆ ಬರ್ಗಂಡಿಯ ನಾಲ್ಕು ರೈತ ಹೆಣ್ಣುಮಕ್ಕಳ ಶಾಲೆಯ ಕಾಗದವೂ ಆ ಮೇಜಿನ ಮೇಲೆ ಬಂದು ಹೋಯಿತು. ಐದು ತಿಂಗಳ ಮೇಲೆ, ಮೇ 12ರಂದು, ಆಗಲೇ ಹೇಳಿದ ಸಮಾರಂಭ. ಅಂದಿನಿಂದ ಅವರು ಮದರ್ ಆನ್-ಮರಿ ಜಾವುಯೆ.

ಸಮಾರಂಭದ ಮೂರು ದಿನದ ಮೇಲೆ ನಡೆದ ಒಂದು ಸಂಗತಿ ಇದೆ. ಮೇ 15ರಂದು ನೆಪೋಲಿಯನ್, ಪ್ರಷ್ಯದ ಒಂದು ಅರಮನೆಯಲ್ಲಿ ಬೀಡುಬಿಟ್ಟಿದ್ದಾಗ, ಎಕ್ವಾಂ ಎಂಬಲ್ಲಿ ತೆರೆಯಲಿದ್ದ ಹೆಣ್ಣುಮಕ್ಕಳ ಶಾಲೆಯ ಬಗ್ಗೆ ಉದ್ದನೆಯ ಟಿಪ್ಪಣಿ ಬರೆಸಿದ. ಅದರ ತಿರುಳು ಇಷ್ಟು: ಹೆಣ್ಣುಮಕ್ಕಳನ್ನು ನಂಬುವವರನ್ನಾಗಿ ಬೆಳೆಸಿ, ವಾದಿಸುವವರನ್ನಾಗಿ ಬೇಡ. ಹೆಣ್ಣಿನ ಬುದ್ಧಿ ದುರ್ಬಲ, ಅದಕ್ಕೆ ಧರ್ಮದ ಕಡಿವಾಣ ಬೇಕು ಎಂಬ ಅರ್ಥದ ಮಾತುಗಳೂ ಅದರಲ್ಲಿವೆ. ಭಗಿನಿಯರ ಸಭೆಗಳಿಗೆ ಅವನು ಯಾಕೆ ಅನುಮತಿ ಕೊಟ್ಟ ಎಂಬುದಕ್ಕೆ ಈ ಟಿಪ್ಪಣಿಗಿಂತ ಬೇರೆ ಸಾಕ್ಷಿ ಬೇಡ. ತಗ್ಗಿಬಗ್ಗಿ ನಡೆಯುವ ಹೆಂಡಂದಿರನ್ನು ತಯಾರು ಮಾಡಲು ಅಗ್ಗದ ಟೀಚರುಗಳು ಬೇಕಿತ್ತು. ಆದರೆ ಅವನು ರುಜು ಹಾಕಿಕೊಟ್ಟ ಸಭೆಯ ಮುಖ್ಯಸ್ಥೆ ಮುಂದೆ ಮಂತ್ರಿಗಳ ಜೊತೆ, ಗವರ್ನರುಗಳ ಜೊತೆ, ಬಿಷಪ್ಪರ ಜೊತೆ ಜೀವನವಿಡೀ ವಾದಿಸಿದಳು.

ಅಗ್ಗ ಎಂಬ ಮಾತು ಬಂತು. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಸಭೆಗಳು ಹಳ್ಳಿಯಲ್ಲಿ ನಿಂತದ್ದರ ಗುಟ್ಟು ಅಲ್ಲಿದೆ. ಹಳ್ಳಿಯಲ್ಲಿ ಒಬ್ಬ ಹೆಂಗಸು ಟೀಚರಾಗಿ ಒಂಟಿಯಾಗಿ ಬದುಕುವುದು ಆಗ ಅಸಾಧ್ಯ. ಮಕ್ಕಳ ಫೀಸಿನಿಂದ ಹೊಟ್ಟೆ ತುಂಬದು. ಒಂಟಿ ಹೆಣ್ಣು ಬಾಡಿಗೆ ಮನೆಯಲ್ಲಿದ್ದರೆ ಊರಿನ ಬಾಯಿ ಸುಮ್ಮನಿರದು. ಇಬ್ಬರು ಮೂವರು ಭಗಿನಿಯರು ಒಟ್ಟಿಗಿದ್ದರೆ ಒಲೆ ಒಂದೇ, ಸೌದೆ ಒಂದೇ, ಉಡುಪಿಗೆ ಗೌರವವಿದೆ. ಒಬ್ಬರು ಪಾಠ ಹೇಳುತ್ತಾರೆ, ಒಬ್ಬರು ಕಾಯಿಲೆಯವರನ್ನು ನೋಡುತ್ತಾರೆ, ಒಬ್ಬರು ತೋಟ ಮಾಡುತ್ತಾರೆ. ಊರಿಗೆ ಒಂದು ಸಂಬಳದಲ್ಲಿ ಶಾಲೆಯೂ ಸಿಕ್ಕಿತು, ಔಷಧಿಯೂ ಸಿಕ್ಕಿತು. ಪ್ರತಿ ಕಮ್ಯೂನು, ಅಂದರೆ ಊರಿನ ಆಡಳಿತ, ಗಂಡುಮಕ್ಕಳ ಶಾಲೆ ನಡೆಸಬೇಕೆಂಬ ಕಾನೂನು ಬಂದದ್ದೇ 1833ರಲ್ಲಿ. 800 ಜನಕ್ಕಿಂತ ಹೆಚ್ಚಿರುವ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯೂ ಇರಬೇಕೆಂದದ್ದು 1850ರಲ್ಲಿ. ಕಾನೂನು ಬರುವ ಮುಂಚೆ ಆ ಜಾಗದಲ್ಲಿ ಇದ್ದವರು ಇವರೇ. 1800ರಿಂದ 1880ರ ಒಳಗೆ ಫ್ರಾನ್ಸಿನಲ್ಲಿ ಸುಮಾರು 400 ಹೊಸ ಭಗಿನಿಯರ ಸಭೆಗಳು ಹುಟ್ಟಿದವು, ಸುಮಾರು 2 ಲಕ್ಷ ಹೆಂಗಸರು ಸೇರಿದರು.

ಇದರಲ್ಲಿ ನನಗೆ ನೋವಾಗುವ ಮಾತೂ ಇದೆ, ಮುಚ್ಚಿಡುವುದಿಲ್ಲ. ಆ ಅಗ್ಗದ ಬೆಲೆಯನ್ನು ತೆತ್ತವರು ಆ ಹೆಣ್ಣುಮಕ್ಕಳೇ. ಅವರ ದುಡಿಮೆಗೆ ಯಾರೂ ಸರಿಯಾದ ಕೂಲಿ ಕಟ್ಟಲಿಲ್ಲ. ಮತ್ತೆ, ಟೀಚರ್ ಆಗಲು ಬೇರೆಯವರಿಗೆ ಸರ್ಕಾರದ ಪರೀಕ್ಷೆ ಪಾಸಾಗಬೇಕಿತ್ತು, ಭಗಿನಿಯರಿಗೆ ಮದರ್ ಬರೆದುಕೊಟ್ಟ ಒಂದು ಕಾಗದ ಸಾಕಾಗಿತ್ತು. ತಯಾರಿಯಿಲ್ಲದೆ ತರಗತಿಗೆ ಹೋದವರೂ ಇದ್ದರು. ಅದೇ ಹೊತ್ತಿಗೆ, ಒಬ್ಬ ಒಕ್ಕಲು ಮಗಳಿಗೆ ಓದು, ಲೆಕ್ಕ, ಆಡಳಿತ, ಸಮುದ್ರಯಾನ ಎಲ್ಲಕ್ಕೂ ದಾರಿ ತೆರೆದಿದ್ದ ಮನೆ ಆ ಕಾಲದಲ್ಲಿ ಇದೊಂದೇ. ಎರಡೂ ನಿಜ.

1812ರಲ್ಲಿ ಸಭೆಯ ಮುಖ್ಯ ಮನೆ ಕ್ಲೂನಿಗೆ ಬಂತು. ಸಭೆಯ ಹೆಸರೂ ಅಲ್ಲಿಂದಲೇ. ಕ್ಲೂನಿ ಅಂದರೆ ನಡುಗಾಲದ ಯುರೋಪಿನ ಅತಿ ದೊಡ್ಡ ಮಠಗಳಲ್ಲಿ ಒಂದು. ರೋಮಿನ ಸಂತ ಪೇತ್ರರ ಹೊಸ ಮಹಾದೇವಾಲಯ ಕಟ್ಟುವವರೆಗೆ ಕ್ರೈಸ್ತ ಲೋಕದಲ್ಲಿ ಅದರಷ್ಟು ದೊಡ್ಡ ಗುಡಿ ಬೇರೊಂದಿರಲಿಲ್ಲ. ಭಗಿನಿಯರು ಬಂದಾಗ ಆ ಗುಡಿಯನ್ನು ಕೆಡವುತ್ತಿದ್ದರು. 1798ರಲ್ಲಿ ಅದನ್ನು ಮಾರಿದ್ದರು, ಕೊಂಡವರು ಕಲ್ಲು ಕಿತ್ತು ಮಾರುತ್ತಿದ್ದರು. ಮನೆ ಕಟ್ಟುವವರು ಗಾಡಿ ಹೊಡೆದುಕೊಂಡು ಬಂದು ಗುಡಿಯ ಕಲ್ಲು ತುಂಬಿಕೊಂಡು ಹೋಗುತ್ತಿದ್ದ ಊರಿನಲ್ಲಿ, ಅದೇ ಊರಿನ ಇನ್ನೊಂದು ಹಳೆಯ ಮಠದಲ್ಲಿ, ರೆಕೊಲೆ ಸನ್ಯಾಸಿಗಳು ಬಿಟ್ಟುಹೋಗಿದ್ದ ಕಟ್ಟಡದಲ್ಲಿ, ಈ ಹೆಣ್ಣುಮಕ್ಕಳು ಶಾಲೆ ನಡೆಸಲು ಶುರುಮಾಡಿದರು.

ಈಗ ನನಗೆ ಬಹಳ ಪ್ರೀತಿಯ ಭಾಗ. ನೆಪೋಲಿಯನ್ ಬಿದ್ದ ಹೊತ್ತಿಗೆ ಮದರ್ ಜಾವುಯೆ ಪ್ಯಾರಿಸಿಗೆ ಹೋಗಿ ಬಡ ಮಕ್ಕಳ ಶಾಲೆ ತೆರೆದರು. ಅಲ್ಲಿ ಅವರು ಆರಿಸಿಕೊಂಡ ಪಾಠಕ್ರಮ ಆಗಿನ ಹೊಸ ಸುದ್ದಿ: ‘ಪರಸ್ಪರ ಬೋಧನೆ’. ಒಬ್ಬರೇ ಟೀಚರು, ನೂರಾರು ಮಕ್ಕಳು. ಮೊದಲು ಟೀಚರು ಹಿರಿಯ ಮಕ್ಕಳಿಗೆ ಪಾಠ ಕೊಡುತ್ತಾರೆ, ಆ ಹಿರಿಯರು ಒಬ್ಬೊಬ್ಬರು ಎಂಟೋ ಹತ್ತೋ ಕಿರಿಯರನ್ನು ಕೂರಿಸಿಕೊಂಡು ಕಲಿಸುತ್ತಾರೆ. ಪುಸ್ತಕ ಕೊಳ್ಳುವಂತಿಲ್ಲ, ಗೋಡೆಗೆ ದೊಡ್ಡ ಅಕ್ಷರದ ಹಾಳೆ. ಕಾಗದ ದುಬಾರಿ, ಸ್ಲೇಟು ಕೊಡುತ್ತಾರೆ. ಇನ್ನೂ ಸಣ್ಣವರಿಗೆ ಸ್ಲೇಟೂ ಬೇಡ, ಮುಂದೆ ಅಂಚುಕಟ್ಟಿದ ಮೇಜು, ಅದರ ಮೇಲೆ ಮರಳು. ಬೆರಳಿನಿಂದ ಅಕ್ಷರ ಬರೆಯುವುದು, ಸವರಿ ಮತ್ತೆ ಬರೆಯುವುದು.

ಇದನ್ನು ಕೇಳುತ್ತಿರುವ ಹಿರಿಯರಿಗೆ ಏನೋ ನೆನಪಾಗುತ್ತಿರಬೇಕು. ನಮ್ಮ ಕೂಲಿಮಠ! ಅಯ್ಯಗಳು ಹೇಳಿಕೊಟ್ಟದ್ದನ್ನು ಹಿರೇಮಣಿ ಕಿರಿಯರಿಗೆ ತಿದ್ದಿಸುವುದು, ಮರಳಿನ ಮೇಲೆ ಬೆರಳು ಹಿಡಿದು ‘ಅ’ ಬರೆಸುವುದು. ಹೋಲಿಕೆ ಆಕಸ್ಮಿಕವಲ್ಲ. ಈ ಪದ್ಧತಿ ಯುರೋಪಿಗೆ ಹೋದದ್ದು ದಕ್ಷಿಣ ಭಾರತದಿಂದ. ಮದ್ರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ ಅಲ್ಲಿನ ನಾಡಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡರು, ತಮ್ಮ ಶಾಲೆಯಲ್ಲಿ ಅಳವಡಿಸಿದರು, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚುಹಾಕಿಸಿದರು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ಪಂಥದ ಮೇಷ್ಟ್ರು ಇದೇ ಬಗೆಯ ಕ್ರಮವನ್ನು ಬೆಳೆಸಿದರು. 1815ರಲ್ಲಿ ಅದು ಪ್ಯಾರಿಸ್ ಮುಟ್ಟಿತು. ಫ್ರೆಂಚ್ ಗುರುಗಳಿಗೆ ಇದು ಕಣ್ಣಿಗೆ ಆಗುತ್ತಿರಲಿಲ್ಲ. ಇಂಗ್ಲಿಷರದು, ಪ್ರೊಟೆಸ್ಟಂಟರದು, ಮಕ್ಕಳ ಕೈಗೆ ಅಧಿಕಾರ ಕೊಡುವಂಥದ್ದು ಎಂದು ಅವರ ದೂರು. ಮದರ್ ಜಾವುಯೆ ಆ ದೂರಿಗೆ ಕಿವಿಗೊಡಲಿಲ್ಲ. ದನದ ಪಕ್ಕ ಕೂತು ಪಾಠ ಹೇಳಿದ್ದವರಿಗೆ, ಕಮ್ಮಿ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಬರುವುದೇ ಮುಖ್ಯವಾಗಿ ಕಂಡಿತು. ಬರ್ಗಂಡಿಯ ರೈತನ ಮಗಳು ಪ್ಯಾರಿಸಿನ ಬಡ ಮಕ್ಕಳಿಗೆ ನಡೆಸಿದ ಪಾಠದಲ್ಲಿ ನಮ್ಮ ಪಡಸಾಲೆಯ ಮರಳಿನ ಒಂದು ಹಿಡಿ ಇತ್ತು ಎಂದು ಓದಿದ ದಿನ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ.

ಆ ಪ್ಯಾರಿಸ್ ಶಾಲೆಯೇ ಕಡಲಾಚೆಯ ದಾರಿ ತೆರೆಯಿತು. ಇಂದು ರಿಯೂನಿಯನ್ ಎನ್ನುವ ಬೂರ್ಬೋಂ ದ್ವೀಪದ ಆಡಳಿತಗಾರ ದೆಬಸ್ಸೇನ್ ದ ರಿಶ್ಮೋಂ ಶಾಲೆಯ ಕೀರ್ತಿ ಕೇಳಿ ಭಗಿನಿಯರನ್ನು ಕೊಡಿ ಎಂದರು. ಅಲ್ಲಿ ಕಪ್ಪು ಮಕ್ಕಳೂ ಇದ್ದಾರೆ ಎಂದಾಗ ಬೆಸಾಂಸೋಂನ ಆ ಬೆಳಗು ಆಕೆಗೆ ನೆನಪಾಯಿತು. 1817ರಲ್ಲಿ ಮೊದಲ ತಂಡ ಬೂರ್ಬೋಂಗೆ, 1819ರಲ್ಲಿ, ಭಗಿನಿಯಾದ ಮೇಲೆ ರೊಸಾಲಿ ಎಂದು ಹೆಸರಾದ ಕಿರಿಯ ತಂಗಿ ಕ್ಲೋದಿನ್ ಮುಂದಾಳತ್ವದಲ್ಲಿ ಸೆನೆಗಲ್‌ಗೆ. 1827ರಲ್ಲಿ ಪುದುಚೇರಿಗೆ. ಆಗ ಅಲ್ಲಿ ಗವರ್ನರ್ ಆಗಿದ್ದವರೂ ಅದೇ ದೆಬಸ್ಸೇನ್ ದ ರಿಶ್ಮೋಂ ಮನೆತನದವರು. ವಸಾಹತಿನ ಹಡಗಿನಲ್ಲಿ ಬಂದ ಶಾಲೆಗೆ ವಸಾಹತಿನ ಗೋಡೆಗಳೂ ಇದ್ದವು. ಪುದುಚೇರಿಯಲ್ಲಿ ಮೊದಲ ಪಾಠ ಯುರೋಪಿಯನ್ ಮತ್ತು ಮಿಶ್ರ ಸಂತತಿಯ ಹೆಣ್ಣುಮಕ್ಕಳಿಗೆ, ಉಳಿದವರ ಸರದಿ ಆಮೇಲೆ.

ಗಯಾನಾ ನೆನಪಿಡಿ ಎಂದಿದ್ದೆ. ಬಾಲ್ಯದಲ್ಲಿ ಆಕೆ ಬಚ್ಚಿಟ್ಟು ಕಾಪಾಡುತ್ತಿದ್ದ ಗುರುಗಳಿಗೆ ಸರ್ಕಾರ ಹಾಕುತ್ತಿದ್ದ ಬೆದರಿಕೆ ಅದು. 1828ರಲ್ಲಿ, ಸುಮಾರು ಐವತ್ತರ ವಯಸ್ಸಿನಲ್ಲಿ, ಆಕೆ ತಾವಾಗಿಯೇ ಅಲ್ಲಿಗೆ ಹಡಗು ಹತ್ತಿದರು, ಮಾನಾ ನದಿಯ ದಡದಲ್ಲಿ ಊರು ಕಟ್ಟಲು. ಮುಂದೆ ಗುಲಾಮರ ಹಡಗುಗಳಿಂದ ಬಿಡಿಸಿ ತಂದವರನ್ನು ಸರ್ಕಾರ ಆಕೆಯ ಉಸ್ತುವಾರಿಗೆ ಕೊಟ್ಟಿತು. ಅವರಿಗೆ ಬೇಸಾಯ, ಕಸುಬು, ಓದು ಕಲಿಸಿ ಸ್ವತಂತ್ರ ಬದುಕಿಗೆ ತಯಾರು ಮಾಡಿದರು. 1838ರ ಮೇ 21ರಂದು ಒಂದೇ ದಿನ 185 ಜನರಿಗೆ ಬಿಡುಗಡೆಯ ಪತ್ರ ಸಿಕ್ಕಿತು. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಲು ಇನ್ನೂ ಹತ್ತು ವರ್ಷವಿತ್ತು. ಸುತ್ತಲಿನ ತೋಟದ ಧಣಿಗಳು ಹಗೆಯಾದರು. ಸಭೆಯ ಮೇಲಿನ ಅಧಿಕಾರ ತನ್ನದೆಂದು ಓತಂ ಧರ್ಮಕ್ಷೇತ್ರದ ಬಿಷಪ್ಪರು ಜಗ್ಗಾಡಿದರು. ಆ ಜಗ್ಗಾಟದ ದೆಸೆಯಿಂದ ಗಯಾನಾದಲ್ಲಿ ಆಕೆಗೆ ಪರಮಪ್ರಸಾದವನ್ನೇ ನಿಲ್ಲಿಸಿದ ಕಾಲವೂ ಇತ್ತು. ತಾನು ಕಟ್ಟಿದ ಗುಡಿಯಲ್ಲಿ ಎಲ್ಲರೂ ಪೀಠದ ಬಳಿ ಹೋಗುವಾಗ ಈಕೆ ಹಿಂದೆ ಕೂತಿರಬೇಕಾಯಿತು. ‘ಮದಾಂ ಜಾವುಯೆ? ಆಕೆ ಒಬ್ಬ ಮಹಾಪುರುಷ!’ ಎಂದು ದೊರೆ ಲೂಯಿ-ಫಿಲಿಪ್ ಹೇಳಿದನೆಂದು ಪ್ರತೀತಿ. ಹೊಗಳಿಕೆಯಲ್ಲೂ ಪುರುಷನನ್ನಾಗಿ ಮಾಡಿಯೇ ಹೊಗಳಬೇಕಾದ ಕಾಲ ಅದು.

1851ರ ಜುಲೈ 15ರಂದು ಪ್ಯಾರಿಸಿನಲ್ಲಿ ಮದರ್ ಜಾವುಯೆ ತೀರಿಕೊಂಡರು. ಅವರ ನಂತರ ಸಭೆಯ ಹೊಣೆ ಹೊತ್ತವರು ತಂಗಿ ರೊಸಾಲಿ, ಶಾಂಬ್ಲಾಂ ಮನೆಯ ಇನ್ನೊಬ್ಬ ಮಗಳು. 1950ರ ಅಕ್ಟೋಬರ್ 15ರಂದು ಪೋಪ್ ಹನ್ನೆರಡನೆಯ ಪಯಸ್ ಆನ್-ಮರಿ ಜಾವುಯೆ ಅವರನ್ನು ಧನ್ಯೆ ಎಂದು ಸಾರಿದರು, ಸಂತ ಪದವಿಗೆ ಹಿಂದಿನ ಮೆಟ್ಟಿಲು ಅದು.

ಉಪನ್ಯಾಸ ಮುಗಿಸಿ ಕೂತ ಮೇಲೆ ಕೇಳುಗರಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು: “ಅಮ್ಮಾ, ಅಷ್ಟೆಲ್ಲ ಕೊಟ್ಟ ಆ ಅಪ್ಪ ಏನಾದ? ಅವನು ಕೊನೆಗೂ ಒಪ್ಪಿದನೇ?”

ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. 1812ರಲ್ಲಿ ಕ್ಲೂನಿಯ ಆ ಹಳೆಯ ರೆಕೊಲೆ ಮಠ ಭಗಿನಿಯರಿಗೆ ಸಿಕ್ಕಿತು ಎಂದೆನಲ್ಲ, ಅದು ದಾನವಾಗಿ ಬಂದದ್ದಲ್ಲ. ಸರ್ಕಾರ ಕೊಟ್ಟದ್ದೂ ಅಲ್ಲ. ಹಣ ಕೊಟ್ಟು ಕೊಂಡವನು ಬಲ್ತಜಾರ್ ಜಾವುಯೆ, ಶಾಂಬ್ಲಾಂ ಊರಿನ ರೈತ.